ಹರಿಕೇನ್ ವಿಮೆ: ದೋಷಮಿತಿ ಕಾಣದ ಸಂಖ್ಯೆ

ಅಮೆರಿಕದ ಫ್ಲೋರಿಡಾದಲ್ಲಿ ಸ್ವಂತ ಮನೆ ಮಾಡಿಕೊಂಡ ನೆಂಟರೋ ಸ್ನೇಹಿತರೋ ನಿಮಗಿದ್ದರೆ, ಮನೆವಿಮೆಯ ಕಂತು ಏರುತ್ತಲೇ ಇದೆ ಎಂಬ ಗೊಣಗಾಟವನ್ನು ಕೇಳಿರುತ್ತೀರಿ. ಖಾಸಗಿ ಕಂಪನಿಗಳಲ್ಲಿ ವಿಮೆ ದೊರೆಯದವರಿಗಾಗಿ ಆ ರಾಜ್ಯ 2002ರಲ್ಲಿ ಸ್ಥಾಪಿಸಿದ ಸಿಟಿಜನ್ಸ್ ಸಂಸ್ಥೆಯ ಪಾಲಿಸಿಗಳ ಸಂಖ್ಯೆ 2023ರಲ್ಲಿ 14 ಲಕ್ಷ ಮುಟ್ಟಿತ್ತು. ಕಾರಣ ಕೇಳಿದರೆ 'ಹವಾಮಾನ ಬದಲಾವಣೆ' ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಕಡಲಂಚಿನಲ್ಲಿ ಒತ್ತೊತ್ತಾಗಿ ಎದ್ದ ಮನೆಗಳು, ದುರಸ್ತಿಯ ದುಬಾರಿ ವೆಚ್ಚ, ಕೋರ್ಟು ಕಚೇರಿ ಎಲ್ಲವೂ ಸೇರಿವೆ. 2019ರಲ್ಲಿ ಅಮೆರಿಕದ ಮನೆವಿಮೆ ಕ್ಲೇಮುಗಳಲ್ಲಿ ಫ್ಲೋರಿಡಾದ ಪಾಲು ಸುಮಾರು ಶೇ. 8, ಮೊಕದ್ದಮೆಗಳಲ್ಲಿ ಶೇ. 76! ಇವನ್ನು ಅರ್ಥಶಾಸ್ತ್ರಜ್ಞರಿಗೆ ಬಿಡೋಣ. ಭೌತವಿಜ್ಞಾನ ಕಲಿಸುವವನಾಗಿ ನನ್ನ ತಕರಾರು ಇರುವುದು ಕಂತನ್ನು ಲೆಕ್ಕಹಾಕುವ ವಿಧಾನದ ಬಗ್ಗೆ.

ನಿಮ್ಮ ಸ್ಕೂಟರಿನ ವಿಮೆಯನ್ನೇ ತೆಗೆದುಕೊಳ್ಳಿ. ಹತ್ತು ಸಾವಿರ ಸ್ಕೂಟರುಗಳಲ್ಲಿ ವರ್ಷಕ್ಕೆ ನೂರು ಅಪಘಾತಕ್ಕೀಡಾಗುತ್ತವೆ ಎನ್ನೋಣ. ಒಂದರ ಅಪಘಾತಕ್ಕೂ ಇನ್ನೊಂದರದಕ್ಕೂ ಸಂಬಂಧವಿಲ್ಲದ್ದರಿಂದ ಈ ಸಂಖ್ಯೆಯ ಏರಿಳಿತ ಅದರ ವರ್ಗಮೂಲದಷ್ಟು, ಅಂದರೆ ಹತ್ತರ ಆಸುಪಾಸು. ಸ್ಕೂಟರುಗಳು ಹತ್ತು ಲಕ್ಷವಾದರೆ ಅನಿಶ್ಚಿತತೆ ಶೇ. 1ಕ್ಕೆ ಇಳಿಯುತ್ತದೆ. ವಿಮಾ ವ್ಯವಹಾರ ನಿಂತಿರುವುದೇ ಇದರ ಮೇಲೆ. ಆದರೆ ಹರಿಕೇನ್ ಒಂದೊಂದೇ ಮನೆಯನ್ನು ಆರಿಸಿಕೊಂಡು ಬರುವುದಿಲ್ಲ. ಒಂದೇ ರಾತ್ರಿ ಇಡೀ ಜಿಲ್ಲೆಯ ಛಾವಣಿಗಳನ್ನು ಎತ್ತಿಕೊಂಡು ಹೋಗುತ್ತದೆ. ಇಲ್ಲಿ ಎಣಿಸಬೇಕಾದದ್ದು ಮನೆಗಳನ್ನಲ್ಲ, ಚಂಡಮಾರುತಗಳನ್ನು.

ಅವು ಎಷ್ಟಿವೆ? 1851ರಿಂದ ಇರುವ ದಾಖಲೆಯಲ್ಲಿ ಅಮೆರಿಕದ ಮುಖ್ಯ ಭೂಭಾಗಕ್ಕೆ ಐದನೇ ವರ್ಗದ ತೀವ್ರತೆಯಲ್ಲಿ ಅಪ್ಪಳಿಸಿದವು ನಾಲ್ಕೇ: 1935ರ 'ಲೇಬರ್ ಡೇ' ಹರಿಕೇನ್, 1969ರ ಕ್ಯಾಮಿಲ್, 1992ರ ಆಂಡ್ರ್ಯೂ, 2018ರ ಮೈಕೆಲ್. ನಾಲ್ಕರ ವರ್ಗಮೂಲ ಎರಡು. ಅಂದರೆ ಶೇ. 50ರಷ್ಟು ಅನಿಶ್ಚಿತತೆ!

ಗಾಳಿಯ ವೇಗದ ಅಳತೆಯೂ ಅಷ್ಟೇ ತೊಡಕಿನದು. ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ ಎಂದು ನಾವು ಪಾಠ ಹೇಳುತ್ತೇವೆ. ಹಣದ ನಷ್ಟ ಅದಕ್ಕಿಂತ ಬಹಳ ಕಡಿದಾಗಿ ಏರುತ್ತದೆ. ವೇಗದ ಸುಮಾರು ಒಂಬತ್ತನೇ ಘಾತದಂತೆ ಎಂಬುದು ಅರ್ಥಶಾಸ್ತ್ರಜ್ಞ ವಿಲಿಯಂ ನೋರ್ಡಾಸ್ 2010ರಲ್ಲಿ ಕೊಟ್ಟ ಅಂದಾಜು. ನೆಲಕ್ಕೆ ಅಪ್ಪಳಿಸಿದಾಗಿನ ಆಂಡ್ರ್ಯೂವಿನ ವೇಗವನ್ನು ಮೊದಲು ಗಂಟೆಗೆ 145 ಮೈಲಿ ಎಂದು ದಾಖಲಿಸಿ, ಹತ್ತು ವರ್ಷಗಳ ಅನಂತರ, 2002ರಲ್ಲಿ, 165 ಮೈಲಿ ಎಂದು ತಿದ್ದಿದರು. ಒಂಬತ್ತನೇ ಘಾತಕ್ಕೇರಿಸಿದರೆ ಈ ತಿದ್ದುಪಡಿಯೊಂದರಿಂದಲೇ ನಷ್ಟದ ಲೆಕ್ಕ ಮೂರು ಪಟ್ಟಿಗಿಂತ ಹೆಚ್ಚಾಗುತ್ತದೆ. ವಿಮಾನ, ರೇಡಾರ್, ಉಪಗ್ರಹಗಳೆಲ್ಲ ಗಮನಿಸಿದ ಹರಿಕೇನಿನ ಪಾಡೇ ಇದು. 1850ರ ದಶಕದ ಹರಿಕೇನುಗಳ ಗತಿಯೇನು?

ಈ ಕೊರತೆಯನ್ನು ತುಂಬಲು ಗಣಕ ಮಾದರಿಗಳು ಬಂದವು. ಅವುಗಳ ಹಿರಿಮೆಯನ್ನು ಅಲ್ಲಗಳೆಯುವಂತಿಲ್ಲ. ಆಂಡ್ರ್ಯೂ ಅಪ್ಪಳಿಸಿದ ಕೆಲವೇ ಗಂಟೆಗಳಲ್ಲಿ ಕ್ಯಾರೆನ್ ಕ್ಲಾರ್ಕ್ ತಮ್ಮ ಮಾದರಿಯ ಆಧಾರದ ಮೇಲೆ ವಿಮಾ ನಷ್ಟ 1,300 ಕೋಟಿ ಡಾಲರ್ ಮೀರಬಹುದು ಎಂದಾಗ ವಿಮಾ ಜಗತ್ತು ನಂಬಲಿಲ್ಲ. ಕೊನೆಗೆ ಅದು 1,500 ಕೋಟಿ ದಾಟಿತು, ಹಲವು ಕಂಪನಿಗಳು ದಿವಾಳಿಯಾದವು. ಅದುವರೆಗೆ ಅವು ಹಿಂದಿನ ಕೆಲವು ಶಾಂತ ದಶಕಗಳ ಸರಾಸರಿಯನ್ನು ನೆಚ್ಚಿಕೊಂಡಿದ್ದವು.

ಇಂದಿನ ಮಾದರಿ ಹತ್ತಾರು ಸಾವಿರ ಕಾಲ್ಪನಿಕ ವರ್ಷಗಳ ಹರಿಕೇನುಗಳನ್ನು ಗಣಕದಲ್ಲಿ ಬೀಸಿಸಿ ಸರಾಸರಿ ನಷ್ಟ ತೆಗೆಯುತ್ತದೆ. ದೊಡ್ಡ ಸಂಖ್ಯೆ ಕಂಡು ಮರುಳಾಗಬೇಡಿ. ಶೂನ್ಯದೋಷವಿರುವ ವರ್ನಿಯರ್ ಕ್ಯಾಲಿಪರ್ಸಿನಲ್ಲಿ ಸಾವಿರ ಸಲ ಅಳೆದು ಸರಾಸರಿ ತೆಗೆದರೂ ಶೂನ್ಯದೋಷ ಹಾಗೇ ಉಳಿಯುತ್ತದೆ. ಪ್ರತಿ ವರ್ಷ ಪ್ರಯೋಗಾಲಯದಲ್ಲಿ ಇದನ್ನು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಕಾಲ್ಪನಿಕ ವರ್ಷಗಳು ಎಷ್ಟೇ ಇರಲಿ, ಅವು ಹುಟ್ಟಿದ್ದು ಅದೇ ಬೆರಳೆಣಿಕೆಯ ನಿಜ ಹರಿಕೇನುಗಳಿಂದ.

ಒಂದು ನಿದರ್ಶನ ನೋಡಿ. 2005ರಲ್ಲಿ ಕತ್ರಿನಾ, ವಿಲ್ಮಾ ಬಂದ ಮೇಲೆ, 2006ರಲ್ಲಿ ಆರ್‌ಎಂಎಸ್ ಎಂಬ ಮಾದರಿ ತಯಾರಿಕೆಯ ಕಂಪನಿ ತಜ್ಞರ ಅಭಿಪ್ರಾಯ ಕಲೆಹಾಕಿ, ಮುಂದಿನ ಐದು ವರ್ಷಗಳಿಗೆ ಫ್ಲೋರಿಡಾ ಮತ್ತು ಸುತ್ತಲಿನ ಕರಾವಳಿಯ ವಾರ್ಷಿಕ ನಷ್ಟದ ನಿರೀಕ್ಷೆಯನ್ನು ಸರಾಸರಿ ಶೇ. 40ರಷ್ಟು ಏರಿಸಿತು. ಆಮೇಲೆ 2016ರ ಹರ್ಮಿನ್‌ವರೆಗೆ ಫ್ಲೋರಿಡಾದ ನೆಲಕ್ಕೆ ಒಂದೂ ಹರಿಕೇನ್ ಅಪ್ಪಳಿಸಲಿಲ್ಲ. ಮಾದರಿ ಸೋತಿತೇ? ಹಾಗೆನ್ನುವಂತಿಲ್ಲ, ವಿರಳ ಘಟನೆಗಳು ದಶಕಗಟ್ಟಲೆ ಬಾರದಿರುವುದೂ ಸಹಜವೇ. ಹಾಗೆಯೇ 2022ರ ಇಯನ್ ಬಂದದ್ದರಿಂದ ಮಾದರಿ ಗೆದ್ದಿತೆಂದೂ ಅಲ್ಲ. ಒಂದು ಪೀಳಿಗೆಯ ಒಳಗೆ ತಪ್ಪೆಂದಾಗಲಿ ಸರಿಯೆಂದಾಗಲಿ ಸ್ಥಾಪಿಸಲು ಆಗದ ಸಂಖ್ಯೆ ಇದು. ಅದರ ಮೇಲೆ ಪ್ರತಿ ವರ್ಷವೂ ಮನೆಯವರು ಹಣ ಕಟ್ಟುತ್ತಾರೆ.

ವಿಮಾ ಕಂಪನಿಗಳಿಗೇ ವಿಮೆ ಕೊಡುವ ಮರುವಿಮಾ ಸಂಸ್ಥೆಗಳಿಗೆ ಇದೆಲ್ಲ ತಿಳಿಯದ್ದಲ್ಲ. ಅವು ಸರಾಸರಿ ನಷ್ಟದ ಮೇಲೆ ಅನಿಶ್ಚಿತತೆಗೆಂದೇ ಬೇರೆ ಮೊತ್ತ ಸೇರಿಸುತ್ತವೆ. ಸುತ್ತಿ ಬಳಸಿ ಅದು ಗೃಹಸ್ಥನ ಕಂತಿಗೇ ಬಂದು ಸೇರುತ್ತದೆ. ಅರ್ಥಾತ್, ನಮ್ಮೆಲ್ಲರ ಅಜ್ಞಾನಕ್ಕೆ ಬೆಲೆ ಕಟ್ಟಲಾಗಿದೆ, ಆತ ಅದನ್ನು ತೆರುತ್ತಿದ್ದಾನೆ, ಆದರೆ ಎಷ್ಟೆಂದು ಆತನಿಗೆ ಯಾರೂ ಹೇಳುವುದಿಲ್ಲ. ನನ್ನ ಆಕ್ಷೇಪ ಇದೇ.

ಇದು ಹೇಳಲಾಗದ ಗುಟ್ಟೂ ಅಲ್ಲ. ಮಾದರಿಗಳನ್ನು ಪರಿಶೀಲಿಸಲು ಫ್ಲೋರಿಡಾ 1995ರಲ್ಲೇ ಆಯೋಗವೊಂದನ್ನು ನೇಮಿಸಿತು; ಫ್ಲೋರಿಡಾ ಇಂಟರ್‌ನ್ಯಾಷನಲ್ ವಿಶ್ವವಿದ್ಯಾಲಯದ ನೇತೃತ್ವದಲ್ಲಿ ಒಂದು ಸಾರ್ವಜನಿಕ ಮಾದರಿಯೂ ಇದೆ. ಆಯೋಗಕ್ಕೆ ಅರ್ಜಿ ಹಾಕುವ ಕಂಪನಿಗಳು ಅನಿಶ್ಚಿತತೆಯ ವಿಶ್ಲೇಷಣೆಯನ್ನೂ ಒಪ್ಪಿಸಬೇಕು. ಆ ದಪ್ಪ ಕಡತಗಳಲ್ಲಿರುವ ದೋಷಮಿತಿ ಮನೆಗೆ ಬರುವ ಬಿಲ್ಲಿನಲ್ಲಿ ಕಾಣುವುದಿಲ್ಲ. ಬಿಲ್ಲಿನಲ್ಲಿರುವುದು ಒಂದೇ ಮೊತ್ತ, ಕಟ್ಟಬೇಕಾದ ಕಡೆಯ ದಿನಾಂಕ.