ಭೋಗದಲ್ಲಿ ಯೋಗ: ಭರತೇಶನ ಸಂತೃಪ್ತಿಯ ವಿವೇಚನೆ

ಮನುಷ್ಯನ ತೃಪ್ತಿಯು ಅವನಲ್ಲಿರುವ ವಸ್ತುಗಳಿಂದ ಹುಟ್ಟುವುದೋ, ಅವುಗಳನ್ನು ನೋಡುವ ದೃಷ್ಟಿಯಿಂದ ಹುಟ್ಟುವುದೋ? ಕನ್ನಡ ಜೈನಸಾಹಿತ್ಯದಲ್ಲಿ ಈ ಪ್ರಶ್ನೆಗೆ ಅತ್ಯಂತ ವಿಸ್ತಾರವಾದ ಉತ್ತರ ದೊರೆಯುವುದು ರತ್ನಾಕರವರ್ಣಿಯ ‘ಭರತೇಶ ವೈಭವ’ದಲ್ಲಿ. ಮೂಡುಬಿದಿರೆಯ ಈ ಕವಿ 16ನೆಯ ಶತಮಾನದಲ್ಲಿ ಸುಮಾರು 10,000 ಸಾಂಗತ್ಯ ಪದ್ಯಗಳಲ್ಲಿ ರಚಿಸಿದ ಕಾವ್ಯದ ನಾಯಕನು ಷಟ್ಖಂಡಾಧಿಪತಿ. ಅರಮನೆ, ರಾಣಿವಾಸ, ಸಂಗೀತ, ಮೃಷ್ಟಾನ್ನ ಯಾವುದಕ್ಕೂ ಅವನಿಗೆ ಕೊರತೆಯಿಲ್ಲ. ಆದರೂ ಬೇಕೆಂದಾಗ ಕಣ್ಮುಚ್ಚಿ ಆತ್ಮಧ್ಯಾನದಲ್ಲಿ ನೆಲೆಗೊಳ್ಳಬಲ್ಲನು. ಭೋಗವು ಅವನನ್ನು ಮುಟ್ಟುತ್ತದೆ, ಅಂಟುವುದಿಲ್ಲ.

ಇದು ಪಂಪನು ಚಿತ್ರಿಸಿದ ಭರತನಲ್ಲ. ಕ್ರಿ.ಶ. 941ರ ‘ಆದಿಪುರಾಣ’ದ ಭರತನು ದಿಗ್ವಿಜಯವನ್ನು ಮುಗಿಸಿ ತನ್ನ ಕೀರ್ತಿಯನ್ನು ಬರೆಸಲು ವೃಷಭಾಚಲಕ್ಕೆ ಬರುತ್ತಾನೆ. ಅಲ್ಲಿ ಹಿಂದಿನ ಚಕ್ರವರ್ತಿಗಳ ಶಾಸನಗಳೇ ತುಂಬಿಹೋಗಿ ಒಂದು ಹೆಸರಿಗೂ ಎಡೆಯಿಲ್ಲ. ಅವನ ಗರ್ವ ಕರಗುತ್ತದೆ. ಆದರೂ ಇನ್ನೊಬ್ಬರ ಬರಹವನ್ನು ಅಳಿಸಿಯೇ ತನ್ನದನ್ನು ಬರೆಸುತ್ತಾನೆ. ಮುಂದೆ ತಮ್ಮನಾದ ಬಾಹುಬಲಿಯೊಡನೆ ಯುದ್ಧಕ್ಕೂ ನಿಲ್ಲುತ್ತಾನೆ. ರತ್ನಾಕರನಾದರೋ ಆ ಯುದ್ಧವನ್ನೇ ನಿವಾರಿಸಿ, ಅಣ್ಣನ ಮೃದುವಚನದಿಂದಲೇ ತಮ್ಮನ ಮನಸ್ಸನ್ನು ಗೆಲ್ಲಿಸಿದ್ದಾನೆ. ಸಂತೃಪ್ತನಾದವನಿಗೆ ಕಲಹದ ಅಗತ್ಯವೇ ಬೀಳದು ಎಂಬುದು ಈ ಮಾರ್ಪಾಟಿನ ಅಭಿಪ್ರಾಯ.

ಗೃಹಸ್ಥನಿಗೆ ಈ ಚಿತ್ರ ಬಹಳ ಪ್ರಿಯವಾದುದು ಸಹಜ. ಮನೆ, ಅಂಗಡಿ, ಮಕ್ಕಳುಮರಿಗಳ ನಡುವೆಯೇ ಆತ್ಮಕಲ್ಯಾಣಕ್ಕೆ ದಾರಿಯುಂಟೆಂಬ ಭರವಸೆಯನ್ನು ಇದಕ್ಕಿಂತ ಮಧುರವಾಗಿ ಹೇಳಿದ ಕಾವ್ಯ ವಿರಳ. ಆದರೆ ಈ ಮಾಧುರ್ಯದಲ್ಲಿಯೇ ಒಂದು ಅಪಾಯವೂ ಅಡಗಿದೆ. “ಭರತೇಶನಿಗೆ ಅಷ್ಟು ಸಂಪತ್ತಿತ್ತು, ಬಾಧಕವಾಗಲಿಲ್ಲ, ನಮ್ಮದು ಎಷ್ಟರದು?” ಎಂಬ ಮಾತನ್ನು ಶ್ರೀಮಂತಿಕೆಯ ಸಮರ್ಥನೆಗೆ ಬಳಸುವುದುಂಟು. ಪ್ರವಚನಗಳಲ್ಲಿ ಭರತನ ಹೆಸರಿನಲ್ಲಿ ಹೇಳುವ ಎಣ್ಣೆಬಟ್ಟಲಿನ ಕಥೆಯ ಗತಿಯೂ ಅದೇ. ತುಂಬಿದ ಬಟ್ಟಲನ್ನು ಹಿಡಿದು ನಗರವನ್ನು ಸುತ್ತಿದವನಿಗೆ ಬೀದಿಯ ವೈಭವ ಕಾಣಲಿಲ್ಲ. ತೊಟ್ಟು ಚೆಲ್ಲಿದರೂ ತಲೆ ಕಡಿಯಲು ಖಡ್ಗಧಾರಿಗಳು ಬೆನ್ನಹಿಂದೆ ಇದ್ದರು. ಕೇಳುವವರು ನಗರದ ಸೊಬಗನ್ನು ನೆನಪಿನಲ್ಲಿಟ್ಟು ಖಡ್ಗವನ್ನು ಮರೆಯುತ್ತಾರೆ.

ದೃಷ್ಟಿಯ ಮಹತ್ವವನ್ನು ಜೈನಶಾಸ್ತ್ರ ಎಂದೂ ಕಡೆಗಣಿಸಿಲ್ಲ. ಪರಿಗ್ರಹವೆಂದರೆ ಮೂರ್ಛೆ, ಅಂದರೆ ‘ನನ್ನದು’ ಎಂಬ ಮಮತೆ ಎಂದು ತತ್ತ್ವಾರ್ಥಸೂತ್ರವು ಲಕ್ಷಣ ಹೇಳುತ್ತದೆ. ಆದರೆ ಶ್ರಾವಕನನ್ನು ಅಷ್ಟಕ್ಕೇ ಬಿಟ್ಟಿಲ್ಲ. ಸಮಂತಭದ್ರಾಚಾರ್ಯರ ‘ರತ್ನಕರಂಡ ಶ್ರಾವಕಾಚಾರ’ದ ಪ್ರಕಾರ ಗೃಹಸ್ಥನು ಧನಧಾನ್ಯಾದಿಗಳಿಗೆ ಇಷ್ಟೇ ಎಂದು ಮಿತಿ ಹಾಕಿಕೊಂಡು, ಅದಕ್ಕೆ ಮೀರಿದುದರಲ್ಲಿ ನಿಃಸ್ಪೃಹನಾಗಿರಬೇಕು. ಈ ಪರಿಮಿತಪರಿಗ್ರಹಕ್ಕೆ ‘ಇಚ್ಛಾಪರಿಮಾಣ’ವೆಂಬ ಹೆಸರೂ ಉಂಟು.

ಆ ವ್ರತಕ್ಕೆ ಹೇಳಿರುವ 5 ಅತಿಚಾರಗಳು ವಿಶೇಷವಾಗಿ ಗಮನಾರ್ಹ. ಎತ್ತು ಮೊದಲಾದ ಪ್ರಾಣಿಗಳನ್ನು ಶಕ್ತಿಮೀರಿ ನಡೆಸುವುದು, ಅತಿಯಾಗಿ ಸಂಗ್ರಹಿಸುವುದು, ಅತಿಯಾದ ಹೊರೆ ಹೇರುವುದು ಇವು ಹೊರಗಿನ ಕ್ರಿಯೆಗಳು. ಅತಿವಿಸ್ಮಯ, ಅತಿಲೋಭ ಇವು ಮನಸ್ಸಿನ ವಿಕಾರಗಳು. ಅನ್ಯರ ವೈಭವವನ್ನು ಕಂಡು ಬೆರಗಾಗಿ ಮನಸ್ಸು ಕಲಕುವುದು ಅತಿವಿಸ್ಮಯವೆಂದು ವಿವರಿಸುವುದುಂಟು. ನೆರೆಯ ಅಂಗಡಿಯ ಲಾಭವನ್ನು ನೋಡಿ ಹುಟ್ಟುವ ಕಳವಳವನ್ನೂ ಎತ್ತಿನ ಬೆನ್ನಿನ ಅತಿಭಾರವನ್ನೂ ಆಚಾರ್ಯರು ಒಂದೇ ಸಾಲಿನಲ್ಲಿ ಇಟ್ಟಿದ್ದಾರೆ. ಒಳಗಿನ ದೃಷ್ಟಿ ಕೆಟ್ಟರೆ ಹೊರಗೆ ಯಾರದೋ ಬೆನ್ನು ಬಾಗುತ್ತದೆ. ಹೊರಗಿನ ಮಿತಿ ಇಲ್ಲದಿದ್ದರೆ ದೃಷ್ಟಿ ಶುದ್ಧವೆಂಬ ಮಾತಿಗೆ ಪ್ರಮಾಣವಿಲ್ಲ.

ಈ ಅಳತೆಯಿಂದ ನೋಡಿದಾಗ ‘ಭರತೇಶ ವೈಭವ’ದ ಒಂದು ಮಿತಿ ಗೋಚರಿಸುತ್ತದೆ. ಕವಿ ತನ್ನ ನಾಯಕನನ್ನು ಮೊದಲಿನಿಂದಲೇ ಇಷ್ಟು ಪರಿಪೂರ್ಣನನ್ನಾಗಿಸಿದ್ದಾನೆಂದರೆ, ಎಡವುವ ಸಾಮಾನ್ಯ ಗೃಹಸ್ಥನು ಅವನನ್ನು ಮೆಚ್ಚಬಲ್ಲನೇ ಹೊರತು ಅನುಸರಿಸಲಾರನು. ಆತ್ಮಪರೀಕ್ಷೆಗೆ ಹೆಚ್ಚು ಉಪಕರಿಸುವವನು ಪಂಪನ ಭರತನೇ. ದಾನಿಗಳ ಹೆಸರಿನ ಕಲ್ಲುಗಳಿಗೆ ಬಸದಿಯ ಗೋಡೆಯಲ್ಲಿ ಜಾಗ ಹುಡುಕುವ ಆಡಳಿತ ಮಂಡಳಿಗಳು ವೃಷಭಾಚಲದ ಪ್ರಸಂಗವನ್ನು ಒಮ್ಮೆ ಸಭೆಯಲ್ಲಿ ಓದಿಸಿದರೆ ಪ್ರಯೋಜನವಾದೀತು.

ಆದರೂ ರತ್ನಾಕರನಿಗೆ ಅನ್ಯಾಯ ಮಾಡಬಾರದು. ಅವನ ಭರತೇಶನು ಸಂಪತ್ತಿನ ನಡುವೆ ಧ್ಯಾನಿಸಿ ಅಲ್ಲಿಯೇ ಉಳಿದವನಲ್ಲ. ಕಾಲ ಬಂದಾಗ ಸಾಮ್ರಾಜ್ಯವನ್ನು ನಿರಾಯಾಸವಾಗಿ ತೊರೆದು ದೀಕ್ಷೆ ಪಡೆದವನು. ಅವನ ದೃಷ್ಟಿ ನಿಜವಾದುದೆಂಬುದಕ್ಕೆ ಆ ತ್ಯಾಗವೇ ಸಾಕ್ಷಿ. ಆದುದರಿಂದ ಮನೆಗಳಲ್ಲಿ ಈ ಕಾವ್ಯವನ್ನು ಓದುವವರು ಭೋಗವಿಜಯದಲ್ಲಿಯೇ ನಿಲ್ಲದೆ ಕಡೆಯ ಸಂಧಿಯವರೆಗೂ ಓದಬೇಕು. ಓದಿ ಮುಗಿಸಿದ ದಿನ ತಮ್ಮ ಪರಿಗ್ರಹಕ್ಕೆ ಒಂದು ಪರಿಮಾಣವನ್ನು, ಅದು ಎಷ್ಟೇ ಸಣ್ಣದಾಗಿರಲಿ, ನಿಶ್ಚಯಿಸಿಕೊಳ್ಳಬೇಕು.