ಇಲ್ಲದ ಊರುಗಳ ಹೆಸರು

ಕುಳ್ಳಗಿರುವವರನ್ನು ಕಂಡರೆ 'ಲಿಲಿಪುಟ್' ಎಂದು ನಗುವವರು ನಮ್ಮಲ್ಲಿ ಬಹಳ. ಜೊನಾಥನ್ ಸ್ವಿಫ್ಟ್ ಬರೆದ ಗಲಿವರನ ಕಥೆ ಪ್ರಕಟವಾದದ್ದು 1726ರಲ್ಲಿ. ಲಿಲಿಪುಟ್ ಅದರಲ್ಲಿ ಬರುವ, ಆರಂಗುಲದ ಜನರ ದ್ವೀಪ. ಆದರೆ ಸ್ವಿಫ್ಟ್ ಅಳೆಯಲು ಹೊರಟದ್ದು ಮನಸ್ಸಿನ ಗಾತ್ರವನ್ನು. ಮೊಟ್ಟೆಯನ್ನು ಯಾವ ತುದಿಯಿಂದ ಒಡೆಯಬೇಕು ಎಂಬ ಜಗಳದಲ್ಲಿ ಅಲ್ಲಿ 11 ಸಾವಿರ ಮಂದಿ ಸತ್ತಿರುತ್ತಾರೆ. ಮತಭೇದಕ್ಕಾಗಿ ಕಾದಾಡುತ್ತಿದ್ದ ಯುರೋಪಿಗೆ ಹಿಡಿದ ಕನ್ನಡಿ ಅದು. ನಮ್ಮ ಆಡುಮಾತು ಹೆಸರನ್ನು ಉಳಿಸಿಕೊಂಡು ಕನ್ನಡಿಯನ್ನು ಕೈಬಿಟ್ಟಿತು. ವ್ಯಂಗ್ಯ ಹೋಗಿ ಹೀಯಾಳಿಕೆ ಉಳಿಯಿತು.

ಉರ್ದು ಬಲ್ಲವರಿಗೆ 'ಕೋಹೆ-ಕಾಫ್' ಗೊತ್ತು. ಅಮೀರ್ ಹಮ್ಜಾನ ದಾಸ್ತಾನಿನಲ್ಲಿ ನಾಯಕ 18 ದಿನಕ್ಕೆಂದು ಹೋಗಿ 18 ವರ್ಷ ಸಿಕ್ಕಿಬೀಳುವ ನಾಡು ಅದು. ಚೆಲುವೆಯನ್ನು 'ಕೋಹೆ-ಕಾಫಿನ ಪರಿ' ಎಂದು ಇಂದಿಗೂ ಹೊಗಳುತ್ತೇವೆ. ಕಾಕಸಸ್ ಪರ್ವತಗಳಿಗೂ ಉರ್ದುವಿನಲ್ಲಿ ಅದೇ ಹೆಸರು. ಅಲ್ಲಿನ ಗ್ರೋಜ್ನಿ ನಗರದ ಮೇಲೆ 1994ರಿಂದ ವರ್ಷಗಟ್ಟಲೆ ಬಾಂಬು ಬಿದ್ದವು. ಆದರೂ ಆ ಹೆಸರು ಕೇಳಿದೊಡನೆ ನಮ್ಮ ಕಣ್ಣೆದುರು ಪರಿಗಳೇ ಬರುತ್ತಾರೆ, ಮಕ್ಕಳನ್ನು ಕಳೆದುಕೊಂಡ ಚೆಚೆನ್ ತಾಯಂದಿರು ಬರುವುದಿಲ್ಲ.

'ಶಾಂಗ್ರಿಲಾ'ದ ಕಥೆ ಇನ್ನೂ ವಿಚಿತ್ರ. ಜೇಮ್ಸ್ ಹಿಲ್ಟನ್ 1933ರ ಕಾದಂಬರಿಯೊಂದರಲ್ಲಿ ಹುಟ್ಟಿಸಿದ ಈ ಟಿಬೆಟಿನ ಕಣಿವೆಯಲ್ಲಿ ಮುಪ್ಪು ತಡವಾಗಿ ಬರುತ್ತದೆ. ಮುಂದೆ ಅದು ಹೋಟೆಲುಗಳ ಫಲಕ ಏರಿತು. 2001ರಲ್ಲಿ ಚೀನಾ ಸರಕಾರ ಯುನ್ನಾನ್ ಪ್ರಾಂತದ ಝೊಂಗ್ಡಿಯನ್‌ಗೆ, ಪ್ರವಾಸಿಗರನ್ನು ಸೆಳೆಯಲೆಂದು, ಇದೇ ಹೆಸರಿಟ್ಟಿತು. ಟಿಬೆಟನ್ನರ ಬಾಯಲ್ಲಿ ಆ ಊರು ಗ್ಯಾಲ್ತಾಂಗ್. ಪರದೇಶಿ ಲೇಖಕನ ಕನಸು ಊರಿನವರ ಸ್ವಂತ ಹೆಸರನ್ನೇ ನುಂಗಿತಲ್ಲ!

ಈಚಿನ ಉದಾಹರಣೆ 'ಮೊರ್ಡೋರ್'. ಟೋಲ್ಕಿನ್ ಕಾದಂಬರಿಯ ಈ ಕತ್ತಲ ನಾಡಿನ ಹೆಸರಿನಿಂದ ಅನೇಕ ಉಕ್ರೇನಿಯನ್ನರು ರಷ್ಯಾವನ್ನು ಕರೆಯುತ್ತಾರೆ. 2022ರ ದಾಳಿಯ ನಂತರ ಅಲ್ಲಿನ ಸೈನಿಕರಿಗೆ ಕಾದಂಬರಿಯ ರಾಕ್ಷಸರಾದ 'ಓರ್ಕ್'ಗಳ ಹೆಸರು ಗಟ್ಟಿಯಾಗಿ ಅಂಟಿಕೊಂಡಿತು. ಮನೆ ಕಳೆದುಕೊಂಡವರ ಕೋಪ ನಮಗೆ ಅರ್ಥವಾಗುತ್ತದೆ. ಆದರೆ ಓರ್ಕ್ ಸತ್ತರೆ ಅಳುವವರು ಆ ಕಥೆಯಲ್ಲಿಲ್ಲ ಎಂಬುದನ್ನು ಮರೆಯಬಾರದು. ಎದುರಾಳಿಯನ್ನು ಮನುಷ್ಯರ ಪಟ್ಟಿಯಿಂದ ತೆಗೆಯುವ ಕೆಲಸ ಯಾವಾಗಲೂ ಒಂದು ಹೆಸರಿನಿಂದಲೇ ಶುರುವಾಗುತ್ತದೆ.

ಹಾಗಾದರೆ ಕಲ್ಪನೆಯ ಊರುಗಳು ಆಡುಮಾತಿಗೆ ಬರಲೇಬಾರದೇ? ಬರಲಿ. ಆರ್.ಕೆ. ನಾರಾಯಣ್ ಅವರ ಮಾಲ್ಗುಡಿಯೂ ಯಾವ ನಕ್ಷೆಯಲ್ಲೂ ಇಲ್ಲದ ಊರು. ಶಂಕರ್‌ನಾಗ್ ಅದನ್ನು ಆಗುಂಬೆಯಲ್ಲಿ ಚಿತ್ರೀಕರಿಸಿದ ಮೇಲೆ ನಮಗೆ ನೆರೆಯೂರೇ ಆಯಿತು. ಆದರೆ ಮಾಲ್ಗುಡಿ ಎಂದೊಡನೆ ಪುಟ್ಟ ಸ್ವಾಮಿ, ಅವನ ಅಜ್ಜಿ, ಅವನ ಗೆಳೆಯರೂ ಜೊತೆಗೇ ಬರುತ್ತಾರೆ. ಕಥೆಗಾರರಾದ ನಮಗೆ ಇದೇ ಒರೆಗಲ್ಲು: ಊರಿನ ಹೆಸರು ತನ್ನ ಜನರನ್ನೂ ಕರೆದುಕೊಂಡು ಬಂದಿದೆಯೇ, ಇಲ್ಲವೇ ಅವರನ್ನು ಹೊರಗೆ ನಿಲ್ಲಿಸಿ ಬಂದಿದೆಯೇ? ಹೊರಗೆ ನಿಲ್ಲಿಸಿ ಬಂದಿದ್ದರೆ, ಆ ಮಾತನ್ನು ಆಡುವ ಮುನ್ನ ಒಂದು ಕ್ಷಣ ತಡೆಯುವುದು ಒಳ್ಳೆಯದು.