ಪೆಟ್ಟಿಗೆಯ ಇಲಿ, ಬೆಟ್ಟದ ಮಂಗ

ಕಲಿಕೆಯ ಅಧ್ಯಾಯ ಬಂತೆಂದರೆ ಮನಃಶಾಸ್ತ್ರದ ಪದವಿ ತರಗತಿಯಲ್ಲಿ ಬೋರ್ಡಿನ ಮೇಲೊಂದು ಪೆಟ್ಟಿಗೆ ಮೂಡುತ್ತದೆ. ಒಳಗೊಂದು ಇಲಿ, ಒತ್ತಲು ಸನ್ನೆ, ಒತ್ತಿದರೆ ಬೀಳುವ ಕಾಳು. ಮನಃಶಾಸ್ತ್ರಜ್ಞ ಸ್ಕಿನ್ನರ್ 1938ರ ತಮ್ಮ ಪುಸ್ತಕದಲ್ಲಿ ವಿವರಿಸಿದ ಪ್ರಯೋಗವಿದು. ಇಲಿಯನ್ನು ಮೊದಲು ಹಸಿವಿನಲ್ಲಿಡಬೇಕು ಎಂಬುದು ಆ ಚಿತ್ರದಲ್ಲಿ ಕಾಣುವುದಿಲ್ಲ. ಉತ್ತರ ಗೊತ್ತಿರುವ ಪ್ರಶ್ನೆಗಾಗಿ ಮತ್ತೊಂದು ಜೀವವನ್ನು ಕಾಡಿಸುವುದು ಪಾಠವಲ್ಲ. ಪುಸ್ತಕ, ಮಾದರಿ, ಚಲನಚಿತ್ರಗಳಿಂದ ಕಲಿಸಲು ಆಗುವ ಕಡೆ ಪ್ರಾಣಿಪ್ರಯೋಗ ಬೇಡವೆಂದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯೂ ಹೇಳುತ್ತದೆ.

ಟೊರಾಂಟೊ ವಿಶ್ವವಿದ್ಯಾಲಯದವರು ಜೀವಂತ ಇಲಿಗೆ ಬದಲಾಗಿ 'ಸ್ನಿಫಿ' ಎಂಬ ಕಂಪ್ಯೂಟರ್ ಇಲಿಯನ್ನು ರೂಪಿಸಿದರು. ಕಾಳು ನಿಲ್ಲಿಸಿದರೆ ಕಲಿತದ್ದು ಹೇಗೆ ಅಳಿಯುತ್ತದೆ ಎಂಬುದನ್ನು ಅದು ಚೆನ್ನಾಗಿ ತೋರಿಸುತ್ತದೆ. ಆದರೆ ಬರೆದಿಟ್ಟ ಲೆಕ್ಕ ಮೀರಿ ಅದು ಏನೂ ಮಾಡದು.

ನನ್ನ ಮತ ಕನ್ನಡಿ ಪ್ರಯೋಗಕ್ಕೆ. ಕೈಯನ್ನು ತೆರೆ ಮರೆಮಾಡಿರುತ್ತದೆ. ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಜೋಡಿಗೆರೆಗಳ ನಡುವೆ ಪೆನ್ಸಿಲ್ ಓಡಿಸಬೇಕು. ಮೊದಲ ಮೂಲೆಗೇ ಪೆನ್ಸಿಲ್ ನಿಂತುಬಿಡುತ್ತದೆ. ಮೇಲೆ ಹೋಗೆಂದರೆ ಕೆಳಗಿಳಿಯುತ್ತದೆ, ಬೆರಳು ಬೆವರುತ್ತದೆ. "ಕೈ ಮಾತ ಕೇಳವಲ್ದ್ರೀ ಸರ್!" ಎನ್ನುತ್ತಾಳೆ ವಿದ್ಯಾರ್ಥಿನಿಯೊಬ್ಬಳು. ಏಳೆಂಟು ಸಲ ಆದ ಮೇಲೆ ಅದೇ ಕೈ ಸರಾಗ ಹರಿಯುತ್ತದೆ. ಎಡಗೈಗೆ ಪೆನ್ಸಿಲ್ ಕೊಟ್ಟರೆ, ಬಲಗೈ ಕಲಿತದ್ದರಲ್ಲಿ ಒಂದಿಷ್ಟು ಅದಕ್ಕೂ ದಾಟಿರುತ್ತದೆ. ಕಲಿಯುವಾಗ ಒಳಗೆ ಏನಾಯಿತೆಂದು ಇಲಿ ಹೇಳಲಾರದು, ಈ ಹುಡುಗಿ ಹೇಳಬಲ್ಲಳು.

ಪ್ರಾಣಿಯನ್ನೇ ನೋಡಬೇಕೆಂದರೆ ವಿದ್ಯಾರ್ಥಿಗಳು ಗಂಗಾವತಿ ಕಡೆಯ ಅಂಜನಾದ್ರಿ ಬೆಟ್ಟಕ್ಕೆ ಹೋಗಲಿ. ಮೆಟ್ಟಿಲ ಬದಿಯ ಬಂಡೆಯ ಮೇಲೆ ತಲೆ ತಗ್ಗಿಸಿ ಕೂತ ಮಂಗ ಕ್ಯಾರಿಬ್ಯಾಗ್ ಸರಪರ ಎಂದ ಕೂಡಲೇ ಕತ್ತು ತಿರುಗಿಸುತ್ತದೆ. ಎಲ್ಲ ಚೀಲದಲ್ಲೂ ಬಾಳೆಹಣ್ಣಿರುವುದಿಲ್ಲ, ಆದರೂ ಅದು ಹಾರುವುದನ್ನು ಬಿಡುವುದಿಲ್ಲ. ಪ್ರತಿಫಲ ಆಗೊಮ್ಮೆ ಈಗೊಮ್ಮೆ ಸಿಕ್ಕರೆ ಚಾಳಿ ಗಟ್ಟಿಯಾಗುತ್ತದೆ ಎಂಬ ಸ್ಕಿನ್ನರ್ ಪಾಠವೇ ಇದು. ಆದರೆ ಇಲ್ಲಿ ಯಾವುದೂ ನಮ್ಮ ಹತೋಟಿಯಲ್ಲಿಲ್ಲ. ಕಾರಣವನ್ನು ಸಾಧಿಸಿ ತೋರಿಸಲು ಆಗದು. ಪ್ರಯೋಗಾಲಯದ ಮುಂದೆ ಈ ವಿಧಾನದ ದೊಡ್ಡ ಕೊರತೆ ಅದು. ಪಾಠಕ್ಕೆಂದು ಹಣ್ಣು ಎಸೆದರಂತೂ ಮಂಗಕ್ಕೂ ಮುಂದಿನ ಯಾತ್ರಿಕರಿಗೂ ಕೇಡು. ದೂರ ನಿಂತು ಎಣಿಸಬೇಕು, ಅಷ್ಟೇ.

ನನ್ನನ್ನು ನೋಯಿಸುವುದು ಬೇರೆ. ಎಷ್ಟೋ ರೆಕಾರ್ಡ್ ಪುಸ್ತಕಗಳಲ್ಲಿ ಹಿಂದಿನ ವರ್ಷದವರಿಂದ ಇಳಿಸಿಕೊಂಡ ಕಲಿಕೆಯ ಒಂದೇ ನುಣುಪಾದ ಗೆರೆ! ಹೀಗಾದರೆ ಇಲಿಯಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಸೊಟ್ಟ ಗೆರೆಗೂ ಅಂಕ ಸಿಗಬೇಕು. ಹದಿನೈದು ನಿಮಿಷದಲ್ಲಿ ಎಷ್ಟು ಚೀಲ ಹಾದವು, ಎಷ್ಟಕ್ಕೆ ಮಂಗ ಇಳಿಯಿತು, ಎಷ್ಟು ಸಲ ಬರಿಗೈಯಲ್ಲಿ ಬಂಡೆಗೆ ಮರಳಿತು ಎಂದು ಮೆಟ್ಟಿಲ ಮೇಲೆ ಕೂತು ಗುರುತು ಹಾಕಿದ ಹಾಳೆಗೂ ಆ ಪುಸ್ತಕದಲ್ಲಿ ಜಾಗ ಬೇಕು.